ಸರ್ಚ್ ಮಾರ್ಕೆಟಿಂಗ್

ಸರ್ಚ್ ಎಂಜಿನ್‌ಗಳ ಮೂಲಕ ಗಿರಾಕಿಗಳನ್ನು ತಲುಪುವ ವ್ಯಾಪಾರ ವಿಧಾನ. ಹಣ ಕೊಟ್ಟು ಜಾಹೀರಾತು ಹಾಕಿಸುವುದು ಇದರ ಒಂದು ಕವಲು. ಜಾಲತಾಣವನ್ನು ತಿದ್ದಿ ತೀಡಿ, ಹಣ ಕೊಡದೆಯೇ ಫಲಿತಾಂಶಗಳಲ್ಲಿ ಮೇಲೇರುವ ಎಸ್‌ಇಒ ಇನ್ನೊಂದು. ಸರ್ಚ್ ಕಂಪನಿಗಳು ನಿಯಮ ಬದಲಿಸಿದಾಗಲೆಲ್ಲ ವ್ಯಾಪಾರಿಗಳು ಹೊಂದಿಕೊಂಡದ್ದು, ಹೊಂದಿಕೊಳ್ಳಲಾಗದೆ ನೆಲಕಚ್ಚಿದ್ದು, ಇವೇ ಈ ಕ್ಷೇತ್ರದ ಇತಿಹಾಸದ ಬಹುಭಾಗ.

1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಮೊದಲಾದ ಕಂಪನಿಗಳ ಬ್ಯಾನರ್‌ಗಳು ಕಾಣಿಸಿಕೊಂಡಾಗ, ಪತ್ರಿಕೆಗಳಲ್ಲಿದ್ದಂತೆಯೇ ಜಾಗಕ್ಕೆ ದರವಿತ್ತು. ಆ ಲೆಕ್ಕವನ್ನು ಬದಲಿಸಿದ್ದು 1998ರಲ್ಲಿ ಬಿಲ್ ಗ್ರಾಸ್ ಶುರುಮಾಡಿದ ಗೋಟು ಡಾಟ್ ಕಾಮ್. ಅಲ್ಲಿ ಒಂದೊಂದು ಪದವೂ ಹರಾಜಿಗಿತ್ತು. ಹೆಚ್ಚು ಕೂಗಿದವರ ಕೊಂಡಿ ಮೇಲೆ ಬರುತ್ತಿತ್ತು, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಹಣ ಕೊಡಬೇಕಿತ್ತು. ಮುಂದೆ ಓವರ್ಚರ್ ಎಂದು ಹೆಸರಾದ ಈ ಕಂಪನಿಯನ್ನು 2003ರಲ್ಲಿ ಯಾಹೂ ಕೊಂಡುಕೊಂಡಿತು.

ಗೂಗಲ್ ತನ್ನ ಆಡ್‌ವರ್ಡ್ಸ್ ಸೇವೆಯನ್ನು 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಆರಂಭಿಸಿತು. 2002ರಲ್ಲಿ ಅದೂ ಕ್ಲಿಕ್ ಹರಾಜಿಗೆ ಬಂತು, ಆದರೆ ಒಂದು ಮಹತ್ವದ ತಿದ್ದುಪಡಿಯೊಡನೆ. ಒಬ್ಬ ವ್ಯಾಪಾರಿ ಕ್ಲಿಕ್ಕಿಗೆ 10 ರೂಪಾಯಿ ಕೂಗಿದ್ದಾನೆ, ಅವನ ಜಾಹೀರಾತು ನೋಡಿದ ನೂರು ಜನರಲ್ಲಿ ಒಬ್ಬರಷ್ಟೇ ಒತ್ತುತ್ತಾರೆ ಎಂದಿಟ್ಟುಕೊಳ್ಳಿ. ಇನ್ನೊಬ್ಬ ಕೂಗಿದ್ದು 4 ರೂಪಾಯಿ, ಒತ್ತುವವರು ಐದು ಜನ. ನೂರು ಜನರ ಲೆಕ್ಕಕ್ಕೆ ಮೊದಲನೆಯವನಿಂದ ಹುಟ್ಟುವುದು 10 ರೂಪಾಯಿ, ಎರಡನೆಯವನಿಂದ 20. ಹಾಗಾಗಿ ಎರಡನೆಯವನೇ ಮೇಲೆ. ದುಡ್ಡಿನ ಬಲವೊಂದೇ ಸಾಲದಾಯಿತು; ಹುಡುಕುವವರಿಗೆ ಬೇಕಾದದ್ದನ್ನು ಚೊಕ್ಕವಾಗಿ ಹೇಳಬಲ್ಲ ಸಣ್ಣ ಅಂಗಡಿಗೂ ದೊಡ್ಡವರ ಪಕ್ಕದಲ್ಲಿ ಜಾಗ ಸಿಕ್ಕಿತು. ಈ ಕ್ಷೇತ್ರ ಕಂಡ ಅತ್ಯಂತ ನ್ಯಾಯಯುತ ಬದಲಾವಣೆ ಇದೇ ಎನ್ನಬಹುದು.

ಎಸ್‌ಇಒ ಕವಲಿನ ಹಾದಿ ಇಷ್ಟು ಸುಗಮವಾಗಿರಲಿಲ್ಲ. ಒಂದು ಪುಟಕ್ಕೆ ಬೇರೆ ತಾಣಗಳಿಂದ ಎಷ್ಟು ಕೊಂಡಿಗಳಿವೆ ಎಂಬುದು ಗೂಗಲ್‌ಗೆ ಮುಖ್ಯ ಅಳತೆಗೋಲಾಗಿದ್ದರಿಂದ ಕೊಂಡಿಗಳನ್ನು ಮಾರುವ ದಂಧೆಯೇ ಹುಟ್ಟಿಕೊಂಡಿತು. 2003ರ ನವೆಂಬರ್‌ನಲ್ಲಿ, ಕ್ರಿಸ್‌ಮಸ್ ವ್ಯಾಪಾರದ ಹೊಸ್ತಿಲಲ್ಲೇ, ಗೂಗಲ್‌ನ ಶ್ರೇಯಾಂಕ ನಿಯಮಗಳಿಗೆ ಫ್ಲೋರಿಡಾ ಎಂದು ಕರೆಯಲಾದ ಪರಿಷ್ಕರಣೆ ಬಂದು ಅನೇಕ ಸಣ್ಣ ವ್ಯಾಪಾರಿಗಳ ತಾಣಗಳು ಫಲಿತಾಂಶಗಳಿಂದ ಮಾಯವಾದವು. ಅವರಲ್ಲಿ ತಪ್ಪೆಸಗದವರೂ ಇದ್ದರು. ಮುನ್ಸೂಚನೆಯಿಲ್ಲದೆ ಅವರ ಹಬ್ಬದ ಸಂಪಾದನೆಗೆ ಕಲ್ಲು ಬಿದ್ದದ್ದು ಈ ಚರಿತ್ರೆಯ ನೋವಿನ ಅಧ್ಯಾಯ.

2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಪ್ರಕರಣವನ್ನು ಬಯಲಿಗೆಳೆಯಿತು. ಸಂಬಂಧವೇ ಇಲ್ಲದ ನೂರಾರು ತಾಣಗಳಲ್ಲಿನ ಸಾವಿರಾರು ಕೊಂಡಿಗಳ ಬಲದಿಂದ ಜೆ. ಸಿ. ಪೆನಿ ಮಳಿಗೆ ತಿಂಗಳುಗಟ್ಟಲೆ ಅಗ್ರಸ್ಥಾನದಲ್ಲಿತ್ತು. ಸ್ಯಾಮ್ಸನೈಟ್ ಸೂಟ್‌ಕೇಸ್ ಹುಡುಕಿದರೆ ಸ್ಯಾಮ್ಸನೈಟ್ ಕಂಪನಿಗಿಂತ ಮೊದಲು ಪೆನಿಯೇ ಬರುತ್ತಿತ್ತು. ಗೂಗಲ್ ಕ್ರಮ ಕೈಗೊಂಡ ಮೇಲೆ ಎರಡೇ ಗಂಟೆಗಳಲ್ಲಿ ಅದು ಮೊದಲ ಸ್ಥಾನದಿಂದ 71ಕ್ಕೆ ಇಳಿಯಿತು. ಕೊಂಡಿಗಳು ತನಗೆ ತಿಳಿಯದಂತೆ ಬಂದವು ಎಂದ ಪೆನಿ, ತನ್ನ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. ಅದೇ ತಿಂಗಳು ಬಂದ ಪಾಂಡಾ ಪರಿಷ್ಕರಣೆ ಸತ್ವವಿಲ್ಲದ ಬರಹಗಳನ್ನು ರಾಶಿ ಹಾಕುತ್ತಿದ್ದ ತಾಣಗಳನ್ನು ಕೆಳಗಿಳಿಸಿತು. 2012ರ ಪೆಂಗ್ವಿನ್ ನಕಲಿ ಕೊಂಡಿಗಳ ಮೇಲೆ ಎರಗಿತು. ಆ ಬಳಿಕ ವ್ಯಾಪಾರಿಗಳು ತಮ್ಮ ಸರಕಿನ ಬಗ್ಗೆ ನಿಜಕ್ಕೂ ಉಪಯೋಗವಾಗುವ ಮಾಹಿತಿ ಬರೆಸಲು ಹಣ ಹೂಡತೊಡಗಿದರು.

2015ರ ಏಪ್ರಿಲ್‌ನಲ್ಲಿ ಗೂಗಲ್ ಮೊಬೈಲ್ ಪರದೆಗೆ ಹೊಂದುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ಕೊಟ್ಟಿತು. ಮರುತಿಂಗಳೇ ಬೆಂಗಳೂರಿನ ಮಿಂತ್ರಾ ಇನ್ನೂ ಮುಂದೆ ಹೋಗಿ, ಜಾಲತಾಣವನ್ನೇ ಮುಚ್ಚಿ ಆ್ಯಪ್‌ನಲ್ಲಿ ಮಾತ್ರ ವ್ಯಾಪಾರ ಎಂದಿತು. ಹುಡುಕಿಕೊಂಡು ಬರುವ ಗಿರಾಕಿಗೆ ಕೊಳ್ಳಲು ಪುಟವೇ ಇಲ್ಲದಂತಾದ ಈ ಪ್ರಯೋಗ ಹೆಚ್ಚು ಕಾಲ ನಡೆಯಲಿಲ್ಲ. 2016ರಲ್ಲಿ ಜಾಲತಾಣ ಮರಳಿತು.

2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ, ಗೂಗಲ್ ಫಲಿತಾಂಶಗಳ ಮೇಲೆ ಕೃತಕ ಬುದ್ಧಿಮತ್ತೆಯೇ ಬರೆದ ಸಾರಾಂಶಗಳು ಬರತೊಡಗಿದವು. ಉತ್ತರ ಅಲ್ಲಿಯೇ ಸಿಕ್ಕಿದರೆ ತಾಣದವರೆಗೆ ಹೋಗುವವರು ಯಾರು? ಇದೇ ಪ್ರಶ್ನೆ ಹಿಡಿದು ಅಮೆರಿಕದ ಶೈಕ್ಷಣಿಕ ಕಂಪನಿ ಚೆಗ್ 2025ರ ಫೆಬ್ರವರಿಯಲ್ಲಿ ಗೂಗಲ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು.