ಕಟ್ಟಿಗೆಯ ಹೊರೆಯೂ ಕರೆಂಟಿನ ಯೂನಿಟ್ಟೂ

ತಿಂಗಳಿಗೊಮ್ಮೆ ಮೀಟರ್ ಓದುವವನು ಬಂದು ಚೀಟಿ ಹರಿದುಕೊಟ್ಟು ಹೋದ ಮೇಲೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ಗೀಸರ್ ಹಾಕಿ ಮರೆತವರು ಯಾರು, ಹೊರಗಿನ ದೀಪ ಬೆಳಗಿನವರೆಗೂ ಉರಿದದ್ದು ಯಾರಿಂದ, ಎಂದು. ದಿನವಿಡೀ ಕಚೇರಿಯ ಲೆಕ್ಕಪತ್ರ ನೋಡಿ ಬರುವ ನಾವು ಮನೆಯಲ್ಲಿಯೂ ಅದನ್ನೇ ಮುಂದುವರಿಸುತ್ತೇವೆ. ಹೀಗೆ ಒಂದು ಸಂಜೆ ಚೀಟಿ ನೋಡುತ್ತಿದ್ದಾಗ ನಮಗೊಂದು ಪ್ರಶ್ನೆ ಹುಟ್ಟಿತು. ಮೀಟರ್ ಬರುವ ಮೊದಲು ನಮ್ಮ ನಾಡಿನಲ್ಲಿ ಮನೆಯ ಉರುವಲಿನ ಲೆಕ್ಕ ಇಟ್ಟವರು ಯಾರಾದರೂ ಇದ್ದರೇ? ಹಾಲಿನವನ ಲೆಕ್ಕ, ಅಗಸರ ಲೆಕ್ಕ ಗೋಡೆಯ ಮೇಲೆ ಇರುತ್ತಿತ್ತು. ಒಲೆಯ ಲೆಕ್ಕ ಎಲ್ಲಿಯೂ ಇರಲಿಲ್ಲ.

ನಾವಿರುವ ಸನತ್‌ನಗರದ ಹೆಸರಿನಲ್ಲಿಯೇ ಯಂತ್ರದ ಸದ್ದಿದೆ. ‘ಸನತ್’ ಎಂದರೆ ಉರ್ದುವಿನಲ್ಲಿ ಕೈಗಾರಿಕೆ. 1942ರಲ್ಲಿ ಆರಂಭವಾದ ಆಲ್ವಿನ್ ಕಂಪನಿಯ ಫ್ರಿಜ್ಜುಗಳು ಇಲ್ಲಿಂದಲೇ ದೇಶದ ಮೂಲೆಮೂಲೆಗೆ ಹೋದವು. ಆ ಕಾರ್ಖಾನೆ ಈಗ ನೆನಪು ಮಾತ್ರ. ನಗರಕ್ಕೆ ವಿದ್ಯುತ್ತನ್ನು ಕೊಟ್ಟದ್ದು 1920ರಲ್ಲಿ ನಿಜಾಮರ ಸರ್ಕಾರ ಹುಸೇನ್ ಸಾಗರದ ದಂಡೆಯಲ್ಲಿ ಸ್ಥಾಪಿಸಿದ ಕಲ್ಲಿದ್ದಲಿನ ವಿದ್ಯುದಾಗಾರ. ಇಂದು ಮಕ್ಕಳನ್ನು ಕರೆದುಕೊಂಡು ಎನ್.ಟಿ.ಆರ್. ಉದ್ಯಾನಕ್ಕೆ ಹೋಗುವವರು ಆ ವಿದ್ಯುದಾಗಾರ ಇದ್ದ ಜಾಗದಲ್ಲಿಯೇ ಕಡಲೆಕಾಯಿ ತಿನ್ನುತ್ತಾರೆ.

ನಮ್ಮ ಮೈಸೂರು ಸೀಮೆ ಇದಕ್ಕಿಂತ ಮೊದಲೇ ಎಚ್ಚತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಸೇರಿತು. ಬೆಂಗಳೂರಿನಲ್ಲಿ ದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ಕ್ರಮವನ್ನು ಗಮನಿಸಬೇಕು: ಮೊದಲು ಗಣಿ, ಆಮೇಲೆ ಬೀದಿ, ಎಲ್ಲಕ್ಕಿಂತ ಕಡೆಗೆ ಅಡಿಗೆಮನೆ. ಕಾವೇರಿಯ ನೀರು ಬೆಳಕಾಗಿ ಎಪ್ಪತ್ತು ವರ್ಷ ಕಳೆದರೂ ಅದೇ ಸೀಮೆಯ ಹಳ್ಳಿಗಳ ಒಲೆ ಪುಳ್ಳೆಯಿಂದಲೇ ಉರಿಯುತ್ತಿತ್ತು. ಕಲಬುರ್ಗಿ, ರಾಯಚೂರು, ಬೀದರ್ ಕಡೆಯಿಂದ ಇಲ್ಲಿಗೆ ಬಂದ ನಮ್ಮ ಬಂಧುಗಳಿಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳುಗಳ ಹೊಗೆಯ ವಾಸನೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ಆ ಒಲೆಯ ಲೆಕ್ಕವನ್ನು ಕುಳಿತು ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು. 1974ರಲ್ಲಿ ಅಲ್ಲಿ ‘ಆಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮಗಳಿಗೆ ವಿಜ್ಞಾನ, ತಂತ್ರಜ್ಞಾನಗಳನ್ನು ಒಯ್ಯುವುದು ಅದರ ಉದ್ದೇಶ. ಮುಂದೆ ನಿಂತವರು ಅಮೂಲ್ಯ ಕುಮಾರ್ ಎನ್. ರೆಡ್ಡಿ, ಮೂಲತಃ ರಸಾಯನಶಾಸ್ತ್ರದವರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಇವರ ತಂಡ ಮನೆಮನೆಗೆ ಹೋಗಿ ಕಟ್ಟಿಗೆ ತೂಗಿತು, ಸೀಮೆಎಣ್ಣೆ ಅಳೆಯಿತು, ಯಾರು ಎಷ್ಟು ಹೊತ್ತು ದುಡಿಯುತ್ತಾರೆಂದು ಬರೆದುಕೊಂಡಿತು. ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಕ್ಯಾಲೊರಿ ಅಳೆಯುವ ಪಾತ್ರೆ ಹಿಡಿದು ಬೇಸರಪಟ್ಟವರು ನಾವು. ಅದೇ ಕ್ಯಾಲೊರಿಯನ್ನು ಹಳ್ಳಿಯ ಹಿತ್ತಲಿನಲ್ಲಿ ಅಳೆಯಬಹುದೆಂದು ನಮಗಾರೂ ಹೇಳಿರಲಿಲ್ಲ.

ಆರರಲ್ಲಿ ಪುರ ಎಂಬ ಹಳ್ಳಿಯ ಲೆಕ್ಕ ಪ್ರಪಂಚಕ್ಕೆಲ್ಲ ಪರಿಚಯವಾಯಿತು. ಮನೆ 56, ಜನ 357. ಊರು ಬಳಸುತ್ತಿದ್ದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 89 ಪಾಲು ಕಟ್ಟಿಗೆಯದು. ವಿದ್ಯುತ್ತಿನದು ನೂರಕ್ಕೆ ಒಂದರ ಆಸುಪಾಸು. ವರ್ಷಕ್ಕೆ ಸುರಿದ ಕಟ್ಟಿಗೆ 217 ಟನ್. ಅದರಲ್ಲಿ ಹಣ ಕೊಟ್ಟು ಕೊಂಡದ್ದು ನೂರಕ್ಕೆ ನಾಲ್ಕು ಪಾಲು ಮಾತ್ರ. ಉಳಿದದ್ದೆಲ್ಲ ಆಯ್ದು ತಂದದ್ದು. ಪೇಟೆಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಆದರೆ ಆ ಸೊನ್ನೆಗಾಗಿ ಪ್ರತಿ ಮನೆಯವರು ದಿನಕ್ಕೆ ಸರಾಸರಿ ಎರಡೂವರೆ ಗಂಟೆ ಕಳೆದು, ಐದು ಕಿಲೋಮೀಟರಿನಷ್ಟು ನಡೆಯುತ್ತಿದ್ದರು. ವರ್ಷಕ್ಕೆ ಇದು 900 ಗಂಟೆಗೆ ಕಡಿಮೆಯಿಲ್ಲ. ಎಂಟು ಗಂಟೆಯ ಕಚೇರಿ ದಿನಕ್ಕೆ ಭಾಗಿಸಿದರೆ 112 ದಿನ! ಊರಿನಲ್ಲಿ ಮನುಷ್ಯರು ದುಡಿದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದೆಂದೂ ಆ ಲೆಕ್ಕ ತೋರಿಸಿತು. ನಮ್ಮ ತಾಯಂದಿರು, ಅಜ್ಜಿಯರು ಹೊತ್ತ ಹೊರೆ ಮೊದಲ ಬಾರಿಗೆ ಒಂದು ಕೋಷ್ಟಕದಲ್ಲಿ ಅಂಕಿಯಾಗಿ ಕುಳಿತದ್ದು ಹೀಗೆ.

ಪುರದ ಅಂಕಿಯನ್ನು ಹಿಡಿದು ನಾವೂ ಒಂದಿಷ್ಟು ಗುಣಾಕಾರ ಮಾಡಿದೆವು. ಮನೆಯೊಂದಕ್ಕೆ ದಿನಕ್ಕೆ ಸುಮಾರು 10 ಕಿಲೊ ಕಟ್ಟಿಗೆ ಬೀಳುತ್ತದೆ. ಕಿಲೊ ಕಟ್ಟಿಗೆಯಲ್ಲಿ 3,800 ಕಿಲೊಕ್ಯಾಲೊರಿ ಶಾಖವಿದೆಯೆಂದು ಹಿಡಿದರೆ 38,000 ಆಯಿತು. ವಿದ್ಯುತ್ತಿನ ಒಂದು ಯೂನಿಟ್ಟೆಂದರೆ 860 ಕಿಲೊಕ್ಯಾಲೊರಿ. ಎಂದರೆ ಆ ಬಡ ಮನೆ ದಿನಕ್ಕೆ 44 ಯೂನಿಟ್ಟಿಗೆ ಸಮನಾದ ಶಾಖವನ್ನು ಉರಿಸುತ್ತಿತ್ತು! ಫ್ರಿಜ್ಜು, ಟಿ.ವಿ., ವಾಷಿಂಗ್ ಮೆಷಿನ್ನು ಎಲ್ಲ ಸೇರಿ ಇಲ್ಲಿಯ ನಮ್ಮ ಮನೆಗಳು ದಿನಕ್ಕೆ ಏಳು ಯೂನಿಟ್ಟು ದಾಟಿದರೆ ನಾವು ಕೂಗಾಡುತ್ತೇವೆ. ಬಡವರು ದುಂದುಗಾರರೇ ಹಾಗಾದರೆ? ಅಲ್ಲ. ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಪಾಲು ಶಾಖವೂ ಪಾತ್ರೆಗೆ ತಾಗುವುದಿಲ್ಲ. ಉಳಿದದ್ದು ಗಾಳಿಗೆ, ಗೋಡೆಗೆ, ಅಡಿಗೆ ಮಾಡುವವಳ ಮುಖಕ್ಕೆ. ಎಂಟು ಪಾಲು ತಾಗಿತೆಂದರೂ ಪಾತ್ರೆಗೆ ಸಿಕ್ಕದ್ದು 3,000 ಕಿಲೊಕ್ಯಾಲೊರಿ. ಅಷ್ಟೇ ಕೆಲಸಕ್ಕೆ ಗ್ಯಾಸ್ ಒಲೆಯಲ್ಲಿ ಅರ್ಧ ಕಿಲೊಗಿಂತ ತುಸು ಕಡಿಮೆ ಗ್ಯಾಸ್ ಸಾಕು. ತಿಂಗಳಿಗೆ 14 ಕಿಲೊ, ಸರಿಯಾಗಿ ಒಂದು ಸಿಲಿಂಡರ್. ಈ ಉತ್ತರ ಬಂದಾಗ ನಾವು ಲೆಕ್ಕ ತಪ್ಪಿತೇನೋ ಎಂದು ಎರಡನೆಯ ಸಲ ಮಾಡಿ ನೋಡಿದೆವು.

ವಿಜ್ಞಾನ ಸಂಸ್ಥೆಯವರು ಲೆಕ್ಕಕ್ಕೇ ನಿಲ್ಲಲಿಲ್ಲ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ಮಣ್ಣಿನ ‘ಆಸ್ತ್ರ ಒಲೆ’ಯನ್ನು ರೂಪಿಸಿದರು. ಶಾಖದಲ್ಲಿ ಮೂರರಲ್ಲೊಂದು ಪಾಲಿನಷ್ಟು ಪಾತ್ರೆಗೆ ಮುಟ್ಟುವಂತಾಯಿತು. ಪುರದಲ್ಲಿ 1982ರಲ್ಲಿ ಊರಿಗೆಲ್ಲ ಸೇರಿ ಗೋಬರ್ ಅನಿಲದ ಸ್ಥಾವರವೊಂದು ಎದ್ದಿತು. ಆದರೆ ಸಗಣಿಯ ಲೆಕ್ಕ ಕೂಡಿಬರಲಿಲ್ಲ. ಎಲ್ಲರ ಎರಡು ಹೊತ್ತಿನ ಅಡಿಗೆಗೆ ಅನಿಲ ಸಾಲಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನೂ ದೀಪಗಳನ್ನೂ ಮನೆಗಳಿಗೆ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಸಣ್ಣದೊಂದು ಕೂಲಿಯೂ ಇತ್ತು. ಸೋಲನ್ನು ಒಪ್ಪಿಕೊಂಡು ದಾರಿ ಬದಲಿಸುವ ಧೈರ್ಯ ಸರ್ಕಾರಿ ಕಡತಗಳಲ್ಲಿ ನಾವು ಅಪರೂಪವಾಗಿ ಕಂಡದ್ದು.

1987ರಲ್ಲಿಯೇ ಕರ್ನಾಟಕ ಸರ್ಕಾರದ ಸಮಿತಿಯೊಂದು 2000ದ ಹೊತ್ತಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ತು ಬೇಕೆಂದು ಭಾರಿ ಅಂದಾಜು ಮಾಡಿತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಮನೆಯ ಬಲ್ಬಿನಿಂದ, ಬಚ್ಚಲಿನ ಬಿಸಿನೀರಿನಿಂದ, ಹೊಲದ ಪಂಪಿನಿಂದ ಲೆಕ್ಕ ಮೇಲಕ್ಕೆ ಕಟ್ಟಿ, ಅದರ ಐದರಲ್ಲಿ ಎರಡು ಪಾಲಿನಷ್ಟು ಸಾಕೆಂದು 1991ರಲ್ಲಿ ಪ್ರಕಟಿಸಿದರು. ಕರೆಂಟಿನ ಬದಲು ಬಿಸಿಲಿನಿಂದ ಸ್ನಾನದ ನೀರು ಕಾಯಿಸುವುದೂ ಅದರಲ್ಲಿ ಸೇರಿತ್ತು. ಇಂದು ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ಕುಳಿತಿರುವ ಸೌರ ಹಂಡೆಗಳನ್ನು ನೋಡಿದಾಗ ನಮಗೆ ಆ ಲೆಕ್ಕದ ನೆನಪಾಗುತ್ತದೆ.

ಇನ್ನು ನಮ್ಮ ಬೀದಿಗೆ ಬರೋಣ. 60 ವಾಟಿನ ಐದು ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್ಟು. ಅವುಗಳ ಜಾಗಕ್ಕೆ 9 ವಾಟಿನ ಎಲ್.ಇ.ಡಿ. ಬಂದರೆ ಏಳೂ ಆಗದು. 38 ಯೂನಿಟ್ಟು ಉಳಿಯಿತು. ಉಳಿದ ಹಣವೆಷ್ಟು? ತೆಲಂಗಾಣದಲ್ಲಿ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರಪಟ್ಟಿಯಂತೆ, ನೂರು ದಾಟಿ 200 ಯೂನಿಟ್ಟಿನೊಳಗೆ ಮುಗಿಸಿದವರಿಗೆ ಮೊದಲ ನೂರಕ್ಕೆ 3.40, ಎರಡನೆಯ ನೂರಕ್ಕೆ 4.80 ರೂಪಾಯಿ. 200 ದಾಟಿದರೆ ಮೊದಲಿನಿಂದಲೇ 5.10, ದಾಟಿದ್ದಕ್ಕೆ 7.70. ನಿಗದಿ ಶುಲ್ಕ ಬಿಟ್ಟು, 200ಕ್ಕೆ 820 ರೂಪಾಯಿಯಾದರೆ 201ಕ್ಕೆ 1,027 ರೂಪಾಯಿ 70 ಪೈಸೆ. ಆ ಒಂದು ಯೂನಿಟ್ಟಿನ ಬೆಲೆ ಇನ್ನೂರೇಳು ರೂಪಾಯಿ! 215 ಇದ್ದವರು 38 ಉಳಿಸಿ 177ಕ್ಕೆ ಇಳಿದರೆ ಚೀಟಿಯಲ್ಲಿ 425 ರೂಪಾಯಿ 90 ಪೈಸೆ ಕಡಿಮೆ. ಗೆರೆಯ ಅಂಚಿನಲ್ಲಿರುವ ಮನೆಗೆ ಉಳಿತಾಯದ ಬೆಲೆ ಬೇರೆ, ಗೆರೆಯಿಂದ ದೂರವಿರುವ ಮನೆಗೆ ಬೇರೆ.

ಉಚಿತದ ಗೆರೆಯೂ ಹೀಗೆಯೇ. 2023ರ ಆಗಸ್ಟಿನಲ್ಲಿ ಕರ್ನಾಟಕದಲ್ಲಿ, ಮರುವರ್ಷ ಇಲ್ಲಿ, 200 ಯೂನಿಟ್ಟಿನವರೆಗಿನ ಉಚಿತ ವಿದ್ಯುತ್ತಿನ ಯೋಜನೆಗಳು ಬಂದವು. ಎರಡಕ್ಕೂ ‘ಗೃಹಜ್ಯೋತಿ’ ಎಂದೇ ಹೆಸರು. ಇಲ್ಲಿ ರೇಷನ್ ಕಾರ್ಡಿನ ಮೇಲೆ. ಅಲ್ಲಿ ಆರಂಭದ ನಿಯಮ, 2022-23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಕೊಡುವುದು. ಆ ವರ್ಷ ದೀಪ ಆರಿಸಿ ಆರಿಸಿ 50 ಯೂನಿಟ್ಟಿನಲ್ಲಿ ಬದುಕಿದ ಅಜ್ಜಿಗೆ 55, ಲಂಗುಲಗಾಮಿಲ್ಲದೆ 170 ಸುಟ್ಟ ಪಕ್ಕದ ಮನೆಗೆ 187. ಊರಿಗೆ ಹೋದಾಗ ಆ ಅಜ್ಜಿಯಂಥವರು ಕೇಳಿದರೆ ಏನು ಉತ್ತರ ಹೇಳಬೇಕೆಂದು ನಮಗೆ ತಿಳಿಯದು.

ಸಂಘದ ಹಿರಿಯರಲ್ಲಿ ಯಾರಾದರೂ ಹಳೆಯ ಕಟ್ಟಿಗೆ ಡಿಪೋದ ಚೀಟಿಯನ್ನೋ, ಸೀಮೆಎಣ್ಣೆಯ ಕಾರ್ಡನ್ನೋ, ಐವತ್ತು ವರ್ಷ ಹಿಂದಿನ ಕರೆಂಟಿನ ರಸೀದಿಯನ್ನೋ ಟ್ರಂಕಿನಲ್ಲಿ ಉಳಿಸಿಕೊಂಡಿದ್ದರೆ ಮುಂದಿನ ಸಭೆಗೆ ತಂದು ತೋರಿಸಬೇಕೆಂದು ಕೋರುತ್ತೇವೆ. ಪ್ರತಿ ಮಾಡಿಕೊಂಡು ಅಂದೇ ಹಿಂದಿರುಗಿಸುತ್ತೇವೆ.