ತಂತಿಯಲ್ಲಿ ಉಳಿದ ವಿದ್ಯುತ್ತು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟುದ್ದದ ತಂತಿಯನ್ನು ಬಿಸಿಮಾಡುವುದರಲ್ಲೇ ಅದು ಮುಗಿದುಹೋಗಲಿಲ್ಲವೇಕೆ? ಉತ್ತರ ಇಬ್ಬರು ವಿಜ್ಞಾನಿಗಳ ಲೆಕ್ಕದಲ್ಲಿದೆ.

ಮೊದಲನೆಯವರು ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಜಾರ್ಜ್ ಸೈಮನ್ ಓಮ್. ಅಂದಿನ ಬ್ಯಾಟರಿಗಳ ಬಲ ನೋಡನೋಡುತ್ತಲೇ ಕುಗ್ಗುತ್ತಿತ್ತು, ಅಳತೆ ನಿಲ್ಲುತ್ತಿರಲಿಲ್ಲ. ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಎರಡು ಕಡೆ ಜೋಡಿಸಿ, ಒಂದು ಸಂಧಿಯನ್ನು ಕುದಿನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರು. ಸ್ಥಿರವಾದ ಪ್ರವಾಹ ದೊರೆಯಿತು. 1827ರಲ್ಲಿ ಅವರ ಗ್ರಂಥ ಹೊರಬಂತು. ಇಂದಿನ ಮಾತಿನಲ್ಲಿ ಅದರ ಸಾರವಿಷ್ಟು: ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ತಂತಿಯ ರೋಧ, ಓಮ್‌ಗಳಲ್ಲಿ.

ಸ್ವದೇಶದಲ್ಲಿ ಅದಕ್ಕೆ ಆದರ ಸಿಗಲಿಲ್ಲ. ಓಮ್ ಕೆಲಸವನ್ನೇ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ನೀಡಿದ್ದು 1841ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಜೇಮ್ಸ್ ಜೂಲ್ ಎರಡನೆಯ ಲೆಕ್ಕ ಪ್ರಕಟಿಸಿದರು: ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು.

ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವ್ಯಾಟ್, ಅಂದರೆ ಸಾಮರ್ಥ್ಯ. ಈಗ ನೀವೇ ಲೆಕ್ಕ ಹಾಕಿ. 1 ಓಮ್ ರೋಧದ ತಂತಿಯಲ್ಲಿ 1,000 ವ್ಯಾಟ್ ಕಳುಹಿಸಬೇಕು. 100 ವೋಲ್ಟಿನಲ್ಲಾದರೆ 10 ಆಂಪೇರ್ ಹರಿಯುತ್ತದೆ. ತಂತಿ ನುಂಗುವುದು 100 ವ್ಯಾಟ್. 1,000 ವೋಲ್ಟಿನಲ್ಲಾದರೆ 1 ಆಂಪೇರ್ ಸಾಕು. ನಷ್ಟ ಒಂದೇ ವ್ಯಾಟ್! ವೋಲ್ಟ್ ಹತ್ತು ಪಟ್ಟು ಏರಿದರೆ ನಷ್ಟ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಶಿವನಸಮುದ್ರದ ಎಂಜಿನಿಯರುಗಳು ಹತ್ತಾರು ಸಾವಿರ ವೋಲ್ಟಿನ ಮೊರೆಹೊಕ್ಕದ್ದು ಇದಕ್ಕಾಗಿಯೇ. ಮಂಜುಗಡ್ಡೆ, ಕುದಿನೀರುಗಳ ನಡುವೆ ಮೇಷ್ಟರೊಬ್ಬರು ಹಿಡಿದ ಅಳತೆ, ಮುಕ್ಕಾಲು ಶತಮಾನದ ಬಳಿಕ ಕಾವೇರಿಯ ಬಲವನ್ನು ಕೋಲಾರಕ್ಕೆ ಮುಟ್ಟಿಸಿತು.