ಪೆಟ್ರೋಲ್ ಟ್ಯಾಂಕಿನ ಉಸಿರು

ಕಾರವಾರದಿಂದ ಕದ್ರಾ, ಅಣಶಿ ಘಟ್ಟದ ಮೂಲಕ ಉಳವಿಗೆ ಹೋಗುವ ರಸ್ತೆ ಕಡಲ ಮಟ್ಟದಿಂದ ಸಹ್ಯಾದ್ರಿಯ ಮೇಲಕ್ಕೇರುತ್ತದೆ. ಭಾರತ ಹುಣ್ಣಿಮೆಯ ವೇಳೆಗೆ ನಡೆಯುವ ಚನ್ನಬಸವೇಶ್ವರ ಜಾತ್ರೆಗೆ ಚಕ್ಕಡಿಗಳಷ್ಟೇ ಅಲ್ಲ, ಕಾರುಗಳೂ ಬರುತ್ತವೆ. ಹಳೆಯ ಕಾರ್ಬ್ಯುರೇಟರ್ ಕಾರೊಂದು ಘಟ್ಟ ಹತ್ತಿ ನಿಂತಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುವುದುಂಟು. ಎಲ್ಲೂ ಸೋರಿಕೆ ಇರುವುದಿಲ್ಲ. ಹಾಗಾದರೆ ವಾಸನೆ ಎಲ್ಲಿಯದು?

ಟ್ಯಾಂಕು ಉಸಿರಾಡುತ್ತದೆ! ಪ್ರತಿ 100 ಮೀಟರ್ ಏರಿದಾಗ ವಾಯುಭಾರ ಸುಮಾರು 1.2 ಕಿಲೋಪಾಸ್ಕಲ್ ಇಳಿಯುತ್ತದೆ; ಒಳಗಿನ ಗಾಳಿ ಹಿಗ್ಗುತ್ತದೆ. ಬಿಸಿಲಿನ ಪರಿಣಾಮ ಇನ್ನೂ ಹೆಚ್ಚು. ಟ್ಯಾಂಕಿನಲ್ಲಿ 20 ಲೀಟರ್ ಖಾಲಿ ಜಾಗವಿದ್ದು, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗೆ ಏರಿತೆನ್ನಿ. ಅನಿಲ ನಿಯಮದಂತೆ ಹೊರಬರಬೇಕಾದದ್ದು ಸುಮಾರು ಒಂದು ಲೀಟರ್. ಆದರೆ ಪೆಟ್ರೋಲಿನ ಆವಿಯ ಒತ್ತಡವೂ ಏರುವುದರಿಂದ ನಿಜವಾಗಿ ಹೊರಬರುವುದು ಅದರ ಹಲವು ಪಟ್ಟು. ಎಂಜಿನ್ ನಿಲ್ಲಿಸಿದ ಮೇಲೆ ಅದರ ಕಾವಿಗೆ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲೂ ಆವಿಯಾಗುತ್ತದೆ.

ಹಿಂದಿನ ತಯಾರಕರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಮುಚ್ಚಳದಲ್ಲೊಂದು ರಂಧ್ರ, ಇಲ್ಲವೇ ಹೊರಗಾಳಿಗೆ ತೆರೆದ ಸಣ್ಣ ಕೊಳವೆ. ಅದಿಲ್ಲದಿದ್ದರೆ ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನಲ್ಲಿ ಒತ್ತಡ ತಗ್ಗಿ, ಪಂಪಿಗೆ ಇಂಧನ ಸಿಗದೆ ಎಂಜಿನ್ ನಿಂತುಬಿಡುತ್ತದೆ.

ಹೊರಹೋದ ಆವಿ ಗಾಳಿಯಲ್ಲಿ ಬೆರೆತು ಮಾಯವಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಆರಿ ಹಾಗೆನ್‌ಸ್ಮಿಟ್ ಈ ನಂಬಿಕೆಯನ್ನು ಅಲುಗಿಸಿದರು. ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳು ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಉಂಟಾಗುತ್ತದೆ, ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿನ ಮೂಲ ಇದೇ ಎಂದು ತೋರಿಸಿದರು. ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದ ಆವಿಯ ಮೇಲೆ ನಿಯಂತ್ರಣ ತಂದಿತು. ಮರುವರ್ಷ ಅದು ಅಮೆರಿಕ ಪೂರ್ತಿಗೆ ಅನ್ವಯಿಸಿತು. ಮುಂದೆ ಭಾರತದ ಮಾನದಂಡಗಳಲ್ಲೂ ಮಿತಿ ಬಂತು: ಮುಚ್ಚಿದ ಕೋಣೆಯಲ್ಲಿ ನಡೆಸುವ ಪರೀಕ್ಷೆಯಲ್ಲಿ 2 ಗ್ರಾಂ.

ಇದನ್ನು ಸಾಧ್ಯವಾಗಿಸಿದ್ದು ಇದ್ದಿಲು. ಸಕ್ರಿಯ ಇದ್ದಿಲಿನ ಅಸಂಖ್ಯ ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ಆವಿಯ ಅಣುಗಳು ಅಂಟಿಕೊಳ್ಳುತ್ತವೆ. ಎಂಜಿನ್ ಓಡುವಾಗ ಡಬ್ಬಿಯ ಮೂಲಕ ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ. ಅಣುಗಳು ಬಿಡಿಸಿಕೊಂಡು ಎಂಜಿನ್ ಸೇರಿ ಉರಿಯುತ್ತವೆ. ಇದ್ದಿಲು ಮತ್ತೆ ಕೆಲಸಕ್ಕೆ ಸಿದ್ಧ.

ಹಳೆಯ ಕಾರನ್ನು ಮಾರ್ಪಡಿಸುವವರು ಇಲ್ಲಿಯೇ ಎಡವುವುದು. ವಾಸನೆ ತಡೆಯಲೆಂದು ರಂಧ್ರ ಮುಚ್ಚಿದರೆ ಕಾರು ನಡುದಾರಿಯಲ್ಲಿ ನಿಂತೀತು. ಕೊಳವೆಯನ್ನು ಡಿಕ್ಕಿಯೊಳಗೆ ಬಿಟ್ಟರೆ ಅಪಾಯ ಇನ್ನೂ ದೊಡ್ಡದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ ಒಂದೂವರೆಯಷ್ಟಿದ್ದರೂ ಒಂದು ಕಿಡಿ ಸಾಕು. ಇದ್ದಿಲ ಡಬ್ಬಿಯನ್ನು ಸೈಲೆನ್ಸರಿನ ಕಾವಿನಿಂದ ದೂರವಿಡಬೇಕು. ದ್ರವ ಪೆಟ್ರೋಲ್ ಅದರೊಳಕ್ಕೆ ನುಗ್ಗದಂತೆ ಕೊಳವೆಯನ್ನು ಟ್ಯಾಂಕಿಗಿಂತ ಎತ್ತರಕ್ಕೆ ಒಯ್ದು ತಿರುಗಿಸಬೇಕು; ಕಾರು ಮಗುಚಿದಾಗ ಮುಚ್ಚಿಕೊಳ್ಳುವ ಕವಾಟವೂ ಬೇಕು.

ವಿದ್ಯಾರ್ಥಿಗಳು ಪೆಟ್ರೋಲ್ ಮುಟ್ಟದೆಯೇ ಈ ತತ್ವವನ್ನು ಪರೀಕ್ಷಿಸಬಹುದು. ಉಳವಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದರ ಮುಚ್ಚಳ ಬಿಗಿದು ಕಾರವಾರಕ್ಕೆ ತನ್ನಿ. ಅದರ ಪಕ್ಕಗಳು ಒಳಕ್ಕೆ ಕುಗ್ಗಿರುತ್ತವೆ. ಉಸಿರು ಕಟ್ಟಿದ ಟ್ಯಾಂಕಿನ ಪಾಡೂ ಅದೇ.